ಗಾಳಿ ಹೇರುವ ಪಿಕಪ್ಪು, ಅಪ್ಪನ ಡೀಸೆಲ್ ಪುಸ್ತಕ

‘ಗಾಡಿ ಎಷ್ಟು ಕೊಡತೈತಿ?’

2022ರ ಜೂನ್ ತಿಂಗಳ ಒಂದು ಭಾನುವಾರ ಗದಗಿನಿಂದ ಬಂದ ವಿಡಿಯೊ ಕರೆಯಲ್ಲಿ ಅಪ್ಪ ಕೇಳಿದ್ದು ಇದೊಂದೇ ಪ್ರಶ್ನೆ. ಆ ತಿಂಗಳು ಊರಿಗೆ ಕಳಿಸುವ 40 ಸಾವಿರ ರೂಪಾಯಿಯಲ್ಲಿ ನಾವು 10 ಸಾವಿರ ಕಡಿಮೆ ಕಳಿಸಿದ್ದೆವು. ಯಾಕೆ ಎಂದು ಅವರು ಕೇಳಲಿಲ್ಲ. ನಾವೇ ಹೇಳಿದೆವು: ಇಲ್ಲಿ ಪೆಟ್ರೋಲ್ ಬೆಲೆ ವಿಪರೀತ ಏರಿದೆ, ಕೆಲಸಕ್ಕೆ ಹೋಗಿ ಬರುವುದಕ್ಕೇ ತಿಂಗಳಿಗೆ 540 ಡಾಲರ್ ಆಗುತ್ತಿದೆ. ಆಗಿನ ವಿನಿಮಯ ದರದಲ್ಲಿ ಅದು 42 ಸಾವಿರ ರೂಪಾಯಿ. ಅಂದರೆ ಮನೆಗೆ ಕಳಿಸುವುದಕ್ಕಿಂತ ಹೆಚ್ಚು ಹಣವನ್ನು ನಾವು ಪೆಟ್ರೋಲ್ ಟ್ಯಾಂಕಿಗೆ ಸುರಿಯುತ್ತಿದ್ದೆವು.

ಅಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ಬೆಲೆ ಏರಿದ ಕಥೆ ಅವರಿಗೆ ಹೊಸತಲ್ಲ. ಅವರಿಗೆ ಬೇಕಾಗಿದ್ದದ್ದು ಗಾಡಿಯ ಲೆಕ್ಕ. ‘ಲೀಟರಿಗೆ ಏಳು ಕಿಲೋಮೀಟರ್’ ಎಂದೆವು.

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, ‘ನನ್ನ ಲಾರಿ ಹತ್ತ ಟನ್ ಹೇರಿದ್ರೂ ನಾಕ ಕೊಡತಿತ್ತಪಾ. ನೀವು ಏನ ಹೇರತೀರಿ?’ ಎಂದರು.

‘ಏನಿಲ್ಲ. ಒಂದು ಟೂಲ್ಸ್ ಪೆಟ್ಟಿಗೆ, ಒಂದು ಊಟದ ಡಬ್ಬಿ.’

‘ಹಂಗಂದ್ರ ನೀವು ಗಾಳಿ ಹೇರತೀರಿ.’

ಅವರು ತಮಾಷೆಗೆ ಹೇಳಿದ್ದರು. ಆದರೆ ಅದು ಅಕ್ಷರಶಃ ನಿಜ ಎಂದು ತಿಳಿಯಲು ನಮಗೆ ಐದು ತಿಂಗಳು, 290 ಡಾಲರ್ ಮತ್ತು ಹೆದ್ದಾರಿಯಲ್ಲಿ ಎದೆ ನಡುಗಿಸಿದ ಒಂದು ಬೆಳಿಗ್ಗೆ ಬೇಕಾಯಿತು.

ಗಾಳಿಯಿಂದ ಸಂಬಳ, ಗಾಳಿಗೆ ಸುಂಕ

ನಮ್ಮಿಬ್ಬರಲ್ಲಿ ಒಬ್ಬರು ಗದಗಿನವರು, ಇನ್ನೊಬ್ಬರು ಸಾಗರದವರು. ಮನೆ ಇರುವುದು ಟೆಕ್ಸಾಸ್ ರಾಜ್ಯದ ಪಶ್ಚಿಮ ಭಾಗದ ಆ್ಯಬಿಲೀನ್ ಎಂಬ ಊರಿನಲ್ಲಿ. ಗದಗಿನವರ ಕೆಲಸ ಅಲ್ಲಿಂದ ಸುಮಾರು 40 ಮೈಲಿ ಪಶ್ಚಿಮಕ್ಕಿರುವ ಸ್ವೀಟ್‌ವಾಟರ್ ಸುತ್ತಮುತ್ತಲಿನ ಗಾಳಿ ವಿದ್ಯುತ್ ಯಂತ್ರಗಳ ನಡುವೆ. ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರ ನೋಡಿಕೊಂಡು ಬೆಳೆದವರಿಗೆ ಆ ನೋಟ ಪರಕೀಯವೇನಲ್ಲ, ಗಾತ್ರ ಮಾತ್ರ ಬೇರೆ. ಇಲ್ಲಿಯ ಹಾರ್ಸ್ ಹಾಲೊ ಎಂಬ ಒಂದೇ ಗಾಳಿ ಸ್ಥಾವರದ ಸಾಮರ್ಥ್ಯ 735 ಮೆಗಾವಾಟ್. 2006ರಲ್ಲಿ ಪೂರ್ಣಗೊಂಡಾಗ ಅದು ಜಗತ್ತಿನಲ್ಲೇ ದೊಡ್ಡದಾಗಿತ್ತು.

ಅಲ್ಲಿಗೆ ಹೋಗಲು ಸಣ್ಣ ಕಾರು ಸಾಲದು. ಹೆದ್ದಾರಿ ಬಿಟ್ಟು ಒಳಗಿಳಿದರೆ ಸುಣ್ಣಕಲ್ಲಿನ ಪುಡಿ ಹಾಸಿದ ಕಚ್ಚಾ ರಸ್ತೆ, ದನ ದಾಟದಂತೆ ನೆಲಕ್ಕೆ ಹಾಕಿದ ಕಬ್ಬಿಣದ ಸರಳುಗಳು, ಮಳೆ ಬಂದರೆ ಕೆಸರು. ಹಾಗಾಗಿ ಹಳೆಯದೊಂದು ಎಂಟು ಸಿಲಿಂಡರ್ ಪಿಕಪ್ ಟ್ರಕ್ ಕೊಂಡಿದ್ದೆವು. ದಿನಕ್ಕೆ ಹೋಗಿ ಬರಲು 90 ಮೈಲಿ, ಅಂದರೆ 145 ಕಿ.ಮೀ. ಹೆಚ್ಚಿನ ಭಾಗ ಇಂಟರ್‌ಸ್ಟೇಟ್ 20 ಹೆದ್ದಾರಿ. ಅಲ್ಲಿ ಗಂಟೆಗೆ 75 ಮೈಲಿ ವೇಗಕ್ಕೆ ಅನುಮತಿ ಇದೆ, ನಾವೂ 75ರಲ್ಲೇ ಓಡಿಸುತ್ತಿದ್ದೆವು.

ಆ ಜೂನ್‌ನಲ್ಲಿ ಅಮೆರಿಕದ ಸರಾಸರಿ ಪೆಟ್ರೋಲ್ ಬೆಲೆ ಮೊದಲ ಬಾರಿಗೆ ಗ್ಯಾಲನ್‌ಗೆ 5 ಡಾಲರ್ ದಾಟಿತು. ಇಲ್ಲಿಯ ಗ್ಯಾಲನ್ ಎಂದರೆ 3.78 ಲೀಟರ್. ನಮ್ಮೂರಿನ ಬಂಕಿನಲ್ಲಿ ನಾಲ್ಕೂವರೆ ಡಾಲರ್ ಇತ್ತು. ಗಾಡಿ ಕೊಡುತ್ತಿದ್ದದ್ದು ಗ್ಯಾಲನ್‌ಗೆ 16.5 ಮೈಲಿ. ದಿನವಿಡೀ ಗಾಳಿಯಿಂದ ವಿದ್ಯುತ್ ತೆಗೆಯುವ ಕೆಲಸ, ಹೋಗುವಾಗ ಬರುವಾಗ ಅದೇ ಗಾಳಿಗೆ ಸುಂಕ ಕಟ್ಟುವ ಪ್ರಯಾಣ!

ಅಪ್ಪನ ಮಾತು ಮನಸ್ಸಿನಿಂದ ಹೋಗಲಿಲ್ಲ. ಮುಂದಿನ ಕರೆಯಲ್ಲಿ ಅವರೇ ಮತ್ತೆ ಆ ವಿಷಯ ತೆಗೆದರು. ಹುಬ್ಬಳ್ಳಿ–ಅಂಕೋಲಾ ದಾರಿಯಲ್ಲಿ ಲಾರಿ ಓಡಿಸುವಾಗ ಅವರು ಒಂದು ಪುಸ್ತಕ ಇಟ್ಟುಕೊಂಡಿದ್ದರು. ತಾರೀಕು, ಕಿಲೋಮೀಟರ್, ಡೀಸೆಲ್, ಹೇರಿದ ಮಾಲು, ಕೊನೆಗೆ ಒಂದು ಷರಾ. ಆ ಷರಾದಲ್ಲಿ ‘ಅರಬೈಲ ಘಟ್ಟ’, ‘ಎದುರು ಗಾಳಿ’, ‘ತಾಡಪತ್ರಿ ಸಡಿಲ’ ಎಂದೆಲ್ಲ ಇರುತ್ತಿತ್ತು. ‘ತಾಡಪತ್ರಿ ಪಟಪಟ ಬಡಕೊಂಡ್ರ ಗಾಳಿ ಡೀಸೆಲ್ ಕುಡಿತೈತಿ ಅಂತ ತಿಳಿಬೇಕು’ ಎನ್ನುವುದು ಅವರ ಸೂತ್ರ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಾಳಿಯ ತಡೆಯ ಸಮೀಕರಣ ಬರೆದು ಪಾಸಾದವರಿಗೆ ಅದು ಸ್ವಂತ ಗಾಡಿಗೂ ಅನ್ವಯಿಸುತ್ತದೆ ಎಂದು ಹೊಳೆದದ್ದು ಆವತ್ತು.

ಗಾಳಿ ಹೇಗೆ ಎಳೆಯುತ್ತದೆ?

ಲೆಕ್ಕ ಸರಳ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅದನ್ನು ಮೀರಲು ಎಂಜಿನ್ ಕೊಡಬೇಕಾದ ಶಕ್ತಿ ಎಂಟರಷ್ಟು. 65 ಮೈಲಿ ವೇಗದಲ್ಲಿ ಗಾಳಿಯ ತಡೆ 100 ಎಂದಿಟ್ಟುಕೊಂಡರೆ 75ರಲ್ಲಿ ಅದು 133. ಪಿಕಪ್‌ನಂಥ ಎತ್ತರದ, ಚೌಕದ ಗಾಡಿಗೆ ಈ ವೇಗದಲ್ಲಿ ಟೈರಿನ ತಡೆಗಿಂತ ಗಾಳಿಯ ತಡೆಯೇ ಬಹಳ ಹೆಚ್ಚು. ಗಂಟೆಗೆ 50 ಮೈಲಿ ದಾಟಿದ ಮೇಲೆ ಮೈಲೇಜು ಬೇಗ ಬೇಗ ಇಳಿಯುತ್ತದೆ ಎಂದು ಅಮೆರಿಕದ ಇಂಧನ ಇಲಾಖೆಯೂ ಜನರಿಗೆ ಹೇಳುತ್ತದೆ.

ಗಾಳಿ ಎದುರಿನಿಂದ ತಳ್ಳುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅದರಷ್ಟೇ ಮುಖ್ಯವಾದದ್ದು ಹಿಂದಿನಿಂದ ಎಳೆಯುವುದು. ಗಾಡಿಯನ್ನು ಬಳಸಿ ಹೋದ ಗಾಳಿ ಹಿಂಭಾಗದಲ್ಲಿ ನಯವಾಗಿ ಕೂಡಿಕೊಳ್ಳದಿದ್ದರೆ ಅಲ್ಲಿ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ, ಆ ಸುಳಿ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಮೀನಿಗೆ ಮುಖ ದುಂಡಗೆ, ಬಾಲ ನೀಳ. ಪಿಕಪ್ಪಿಗೆ ಮುಖವೂ ಗೋಡೆ, ಬೆನ್ನೂ ಗೋಡೆ. ಕ್ಯಾಬಿನ್ ಮುಗಿದ ಕೂಡಲೇ ಗಾಳಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಅದು ಹಿಂದಿನ ತೊಟ್ಟಿಯೊಳಗೆ ಬಿದ್ದು ಹೊರಳಾಡುತ್ತದೆ. ಅಪ್ಪ ಹೇಳಿದ ‘ಗಾಳಿ ಹೇರುವುದು’ ಎಂದರೆ ಇದೇ.

ಇದನ್ನು ರಸ್ತೆಯಲ್ಲೇ ಕಂಡುಕೊಂಡ ಒಬ್ಬರ ಕಥೆ ಓದಿದಾಗ ನಮಗೆ ಧೈರ್ಯ ಬಂತು. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ನಾಸಾದ ವಿಮಾನ ಸಂಶೋಧನಾ ಕೇಂದ್ರದಲ್ಲಿ ಎಡ್ವಿನ್ ಸಾಲ್ಟ್ಸ್‌ಮನ್ ಎಂಬ ಎಂಜಿನಿಯರ್ ಇದ್ದರು. ಸೈಕಲ್ ತುಳಿದು ಹೋಗುವಾಗ ಪಕ್ಕದಲ್ಲಿ ದೊಡ್ಡ ಲಾರಿ ಹಾದರೆ ಗಾಳಿ ಮೊದಲು ಅವರನ್ನು ಆಚೆ ತಳ್ಳಿ, ಮರುಕ್ಷಣ ಲಾರಿಯ ಕಡೆಗೇ ಸೆಳೆಯುತ್ತಿತ್ತು. ಗದಗ–ಹುಬ್ಬಳ್ಳಿ ರಸ್ತೆಯಲ್ಲಿ ಸೈಕಲ್ ಹೊಡೆದವರಿಗೂ ಈ ಅನುಭವ ಇದ್ದೇ ಇರುತ್ತದೆ. ಸಾಲ್ಟ್ಸ್‌ಮನ್ ಅದನ್ನು ಅಲ್ಲಿಗೇ ಬಿಡಲಿಲ್ಲ. 1973ರ ತೈಲ ಬಿಕ್ಕಟ್ಟಿನ ಆ ದಿನಗಳಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಹಳೆಯ ಫೋರ್ಡ್ ವ್ಯಾನೊಂದಕ್ಕೆ ಅಲ್ಯೂಮಿನಿಯಂ ತಗಡು ಹೊಡೆದು ಅದನ್ನು ಚೌಕದ ಪೆಟ್ಟಿಗೆ ಮಾಡಿದರು. ಜನ ಅದನ್ನು ‘ಶೂ ಪೆಟ್ಟಿಗೆ’ ಎಂದು ಕರೆದರು. ಆಮೇಲೆ ಒಂದೊಂದೇ ಅಂಚನ್ನು ದುಂಡಗೆ ಮಾಡುತ್ತ ಅಳೆದರು. ಅಂಚುಗಳು ದುಂಡಗಾದ ಮೇಲೆ ಗಾಳಿಯ ತಡೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಇವತ್ತು ಅಮೆರಿಕದ ಹೆದ್ದಾರಿ ಲಾರಿಗಳ ದುಂಡು ಮುಖದ ಹಿಂದೆ ಆ ಶೂ ಪೆಟ್ಟಿಗೆಯ ಪಾಲೂ ಇದೆ.

ಅದೇ ಬಿಕ್ಕಟ್ಟಿನಲ್ಲಿ, 1974ರ ಜನವರಿಯಲ್ಲಿ, ಇಡೀ ದೇಶಕ್ಕೆ 55 ಮೈಲಿ ವೇಗಮಿತಿಯ ಕಾನೂನು ಬಂತು. 1995ರಲ್ಲಿ ಅದು ರದ್ದಾಯಿತು. ಒಂದು ಕಡೆ ಆಕಾರ, ಇನ್ನೊಂದು ಕಡೆ ವೇಗ. ಎರಡರಲ್ಲಿ ನಮಗೆ ಯಾವುದು ಎಷ್ಟು ಉಳಿಸಿಕೊಡುತ್ತದೆ ಎನ್ನುವುದು ನಮ್ಮ ಪ್ರಶ್ನೆಯಾಯಿತು.

ಮೊದಲು ಪುಸ್ತಕ, ಆಮೇಲೆ ಸುತ್ತಿಗೆ

‘ಏನರ ಮಾಡೂಕಿಂತ ಮೊದ್ಲ ಬರದಿಡ್ರಿ’ ಎಂದರು ಅಪ್ಪ. ಟ್ಯಾಂಕ್ ತುಂಬಿಸುವುದು, ಮತ್ತೆ ತುಂಬಿಸುವವರೆಗೆ ಓಡಿದ ಮೈಲಿಯನ್ನು ಹಾಕಿಸಿದ ಗ್ಯಾಲನ್‌ನಿಂದ ಭಾಗಿಸುವುದು. ಒಂದೇ ಬಂಕ್, ಒಂದೇ ಪಂಪು. ಟೈರಿನ ಗಾಳಿ ಪ್ರತಿ ಸೋಮವಾರ ಬೆಳಿಗ್ಗೆ, ಗಾಡಿ ತಣ್ಣಗಿರುವಾಗಲೇ ನೋಡುವುದು. ಸಾಗರದವರು ಲೆಕ್ಕದಲ್ಲಿ ಬಿಗಿ, ಹಾಗಾಗಿ ಪುಸ್ತಕ ಅವರ ವಶವಾಯಿತು.

ಜುಲೈ ತಿಂಗಳಿಡೀ ಗಾಡಿಗೆ ಏನೂ ಮಾಡಲಿಲ್ಲ. ವೇಗವನ್ನು ಮಾತ್ರ 75ರಿಂದ 65ಕ್ಕೆ ಇಳಿಸಿ, ಬಲಗಡೆಯ ಸಾಲು ಹಿಡಿದು ಲಾರಿಗಳ ಜೊತೆ ಹೋದೆವು. ಹೋಗಿ ಬರುವುದು ಸೇರಿ ದಿನಕ್ಕೆ 11 ನಿಮಿಷ ಹೆಚ್ಚಾಯಿತು. ತಿಂಗಳ ಕೊನೆಯಲ್ಲಿ ಪುಸ್ತಕ ಹೇಳಿದ್ದು ಗ್ಯಾಲನ್‌ಗೆ 18.8 ಮೈಲಿ. ಏಳು ಕಿ.ಮೀ. ಕೊಡುತ್ತಿದ್ದ ಗಾಡಿ ಲೀಟರಿಗೆ ಎಂಟು ಕೊಟ್ಟಿತ್ತು, ಒಂದು ಸೆಂಟ್ ಖರ್ಚಿಲ್ಲದೆ.

ಇದನ್ನು ಮೊದಲೇ ಮಾಡಿದ್ದು ಎಷ್ಟು ಒಳ್ಳೆಯದಾಯಿತು ಎಂದು ಆಮೇಲೆ ಗೊತ್ತಾಯಿತು. ಗಾಡಿಗೆ ಹಲಗೆ, ತಗಡು ಹೊಡೆದವರು ತಿಳಿಯದೆಯೇ ನಿಧಾನ ಓಡಿಸತೊಡಗುತ್ತಾರೆ. ಕಷ್ಟಪಟ್ಟು ಮಾಡಿದ ಕೆಲಸದ ಫಲ ನೋಡುವ ಆಸೆ ಕಾಲಿಗೂ ಬರುತ್ತದೆ. ಕಾಲು ಉಳಿಸಿದ ಪೆಟ್ರೋಲನ್ನು ತಗಡಿನ ಖಾತೆಗೆ ಬರೆದುಬಿಡುತ್ತಾರೆ.

ಬಾಗಿಲು ತೆಗೆಯಬೇಕೆ, ಮುಚ್ಚಬೇಕೆ?

ಪಿಕಪ್ ಇರುವವರು ನಾಲ್ಕು ಜನ ಸೇರಿದರೆ ಈ ಚರ್ಚೆ ಬಂದೇ ಬರುತ್ತದೆ. ತೊಟ್ಟಿಯ ಹಿಂಬಾಗಿಲು ಮುಚ್ಚಿದ್ದರೆ ಗಾಳಿ ಅದಕ್ಕೆ ಬಡಿಯುತ್ತದೆ, ಇಳಿಸಿಬಿಟ್ಟರೆ ಸಲೀಸಾಗಿ ಹಾದುಹೋಗುತ್ತದೆ ಎಂಬುದು ನಮ್ಮ ಕೆಲಸದ ಜಾಗದಲ್ಲಿ ಬಹುತೇಕರ ನಂಬಿಕೆ. ಅದು ತಪ್ಪು. ಬಾಗಿಲು ಮುಚ್ಚಿದ್ದಾಗ ತೊಟ್ಟಿಯೊಳಗೆ ಗಾಳಿಯ ಸುಳಿಯೊಂದು ಕಟ್ಟಿಕೊಂಡು ನಿಲ್ಲುತ್ತದೆ. ಮೇಲಿಂದ ಬರುವ ಗಾಳಿ ಆ ಸುಳಿಯ ಮೇಲೆ ಹಾಸಿಗೆಯ ಮೇಲೆ ಜಾರಿದಂತೆ ಜಾರಿ ಹಿಂದಕ್ಕೆ ಹೋಗುತ್ತದೆ. ಬಾಗಿಲು ಇಳಿಸಿದರೆ ಆ ಹಾಸಿಗೆಯೇ ಕಿತ್ತುಹೋಗುತ್ತದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಗಾಳಿ ಸುರಂಗದ ಪರೀಕ್ಷೆಗಳಲ್ಲಿ ಕಂಡದ್ದೂ ಇದೇ. ‘ಮಿಥ್‌ಬಸ್ಟರ್ಸ್’ ಟಿ.ವಿ. ಕಾರ್ಯಕ್ರಮದಲ್ಲಿ ಎರಡು ಪಿಕಪ್‌ಗಳನ್ನು ಒಟ್ಟಿಗೆ ಓಡಿಸಿದಾಗಲೂ ಬಾಗಿಲು ಮುಚ್ಚಿದ ಗಾಡಿಯೇ ಹೆಚ್ಚು ದೂರ ಹೋಯಿತು. ತೊಟ್ಟಿಯ ಮೇಲೆ ಬಿಗಿಯಾದ ಹೊದಿಕೆ ಹಾಕಿದರೆ ಇನ್ನೂ ಒಳ್ಳೆಯದು. ಅಪ್ಪನ ತಾಡಪತ್ರಿ ಸೂತ್ರ ಇಲ್ಲಿಯೂ ಸರಿ.

ಹೆದ್ದಾರಿಯ ಆ ಬೆಳಿಗ್ಗೆ

ಆಗಸ್ಟ್‌ನಲ್ಲಿ ಮೊದಲ ಕೆಲಸ ಶುರುವಾಯಿತು. ಗಾಡಿಯ ಹೊಟ್ಟೆಯ ಕೆಳಗೆ ಆ್ಯಕ್ಸಲ್, ಕೊಳವೆ, ಸಸ್ಪೆನ್ಷನ್ ಎಲ್ಲ ಬಿಚ್ಚಿಟ್ಟ ಹಾಗೆ ಇರುತ್ತವೆ. ಅಲ್ಲಿಗೆ ನುಗ್ಗುವ ಗಾಳಿ ಒಂದೊಂದಕ್ಕೂ ಬಡಿಯುತ್ತ ಹೋಗುತ್ತದೆ. ಮುಂದಿನ ಬಂಪರಿನ ಕೆಳಗೆ ಒಂದು ಅಡ್ಡಪಟ್ಟಿ ಇಳಿಬಿಟ್ಟರೆ ಗಾಳಿ ಪಕ್ಕಕ್ಕೆ ಸರಿಯುತ್ತದೆ. ಹೂದೋಟದ ಅಂಚಿಗೆ ಹಾಕುವ ಕಪ್ಪು ಪ್ಲಾಸ್ಟಿಕ್ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಬಗ್ಗುತ್ತದೆ, ಅಗ್ಗವೂ ಹೌದು. ಅದನ್ನೇ ಕತ್ತರಿಸಿ ಆರು ಸ್ಕ್ರೂ ಹಾಕಿ ಕೂರಿಸಿದೆವು. ನೋಡಲು ಚೆನ್ನಾಗಿಯೇ ಇತ್ತು.

ಎರಡನೆಯ ವಾರ ಕಚ್ಚಾ ರಸ್ತೆಯ ಕಬ್ಬಿಣದ ಸರಳಿಗೆ ಅದು ತಗುಲಿದ್ದು ನಮ್ಮ ಗಮನಕ್ಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ಹೆದ್ದಾರಿಯಲ್ಲಿ ಕೆಳಗಿನಿಂದ ತಾಡಪತ್ರಿ ಬಡಿದಂಥದೇ ಪಟಪಟ ಶಬ್ದ ಬಂತು. ಏನೆಂದು ಯೋಚಿಸುವಷ್ಟರಲ್ಲಿ ನಾಲ್ಕಡಿ ಉದ್ದದ ಪಟ್ಟಿ ಕಿತ್ತು, ಚಕ್ರದ ಕೆಳಗೆ ಸಿಕ್ಕು, ಹಿಂದಕ್ಕೆ ಹಾರಿತು. ಕನ್ನಡಿಯಲ್ಲಿ ನೋಡಿದರೆ ಅದು ಗಾಳಿಯಲ್ಲಿ ತಿರುಗುತ್ತ ಹಿಂದಿನ ಲಾರಿಯ ಮುಂದೆ ರಸ್ತೆಗೆ ಬಿತ್ತು. ಲಾರಿಯವರ ಹಾರ್ನ್ ಇವತ್ತಿಗೂ ಕಿವಿಯಲ್ಲಿದೆ. ಯಾರಿಗೂ ಏನೂ ಆಗಲಿಲ್ಲ. ಮುಂದಿನ ತಿರುವಿನಲ್ಲಿ ಗಾಡಿ ನಿಲ್ಲಿಸಿ ಕೂತಾಗ ಕೈ ನಡುಗುತ್ತಿತ್ತು. ಹಿಂದೆ ಇದ್ದದ್ದು ಲಾರಿಯಲ್ಲ, ಮೋಟರ್ ಸೈಕಲ್ ಆಗಿದ್ದರೆ?

ತಪ್ಪು ಪೂರ್ತಿ ನಮ್ಮದು. ಆ ಸಂಜೆ ಸಾಗರದವರು ಪುಸ್ತಕ ಮುಚ್ಚಿ ಬೀರುವಿನಲ್ಲಿಟ್ಟರು. ‘ನಾಲ್ಕು ಡಾಲರ್ ಉಳಿಸಲು ಇನ್ನೊಬ್ಬರ ಮನೆಯವರನ್ನು ಅಪಾಯಕ್ಕೆ ತಳ್ಳುವುದಾದರೆ ನಮಗೆ ಈ ಉಸಾಬರಿ ಬೇಡ’ ಎಂದರು. ಮೂರು ವಾರ ಗಾಡಿಗೆ ಕೈ ಹಚ್ಚಲಿಲ್ಲ. ಊರಿಗೆ ಇದನ್ನು ಹೇಳಲೂ ಇಲ್ಲ. ದೂರ ಇರುವವರು ಮನೆಯವರಿಗೆ ಹೇಳದೆ ಉಳಿಸಿಕೊಳ್ಳುವ ಎಷ್ಟೋ ಸಂಗತಿಗಳಲ್ಲಿ ಅದೂ ಒಂದಾಯಿತು.

ಮತ್ತೆ ಶುರು ಮಾಡಿದ್ದು ಮೂರು ನಿಯಮ ಹಾಕಿಕೊಂಡ ಮೇಲೆ. ಒಂದು: ಪ್ಲಾಸ್ಟಿಕ್ಕಿಗೆ ಬರೀ ಸ್ಕ್ರೂ ಇಲ್ಲ, ಹಿಂದೆ ಲೋಹದ ಪಟ್ಟಿ ಇಟ್ಟು, ಅಗಲ ವಾಷರ್ ಹಾಕಿ ಬೋಲ್ಟು. ಎರಡು: ಪ್ರತಿ ಭಾಗಕ್ಕೂ ಒಂದು ಉಕ್ಕಿನ ತಂತಿಯ ಕಟ್ಟು, ಬೋಲ್ಟು ಬಿಟ್ಟುಹೋದರೂ ಭಾಗ ಗಾಡಿಗೇ ಜೋತುಬೀಳಬೇಕು. ಮೂರು: ಹೆದ್ದಾರಿಗೆ ಏರುವ ಮೊದಲು ದಿನಾ ಕೈಯಿಂದ ಅಲುಗಾಡಿಸಿ ನೋಡುವುದು. ಎರಡನೆಯ ಪಟ್ಟಿಯನ್ನು ಎರಡು ಇಂಚು ಗಿಡ್ಡ ಮಾಡಿದೆವು. ಅದು ಇವತ್ತಿಗೂ ಇದೆ.

ಆನೆಯ ಬೆನ್ನು

ದೊಡ್ಡ ಕೆಲಸ ತೊಟ್ಟಿಯ ಮೇಲಿನ ಇಳಿಜಾರು ಹೊದಿಕೆ. ಕ್ಯಾಬಿನ್ನಿನ ಛಾವಣಿಯಿಂದ ಶುರುವಾಗಿ ಹಿಂಬಾಗಿಲಿನವರೆಗೆ ನಿಧಾನವಾಗಿ ಇಳಿಯುವ ಬೆನ್ನು. ಪ್ಲೈವುಡ್ಡಿನ ಪಕ್ಕೆಲುಬು, ಮೇಲೆ ತೆಳು ಅಲ್ಯೂಮಿನಿಯಂ ತಗಡು, ರಿವೆಟ್ಟು, ಒಂದು ಬದಿಗೆ ಕೀಲು. ತೆರೆದರೆ ಟೂಲ್ಸ್ ಪೆಟ್ಟಿಗೆ ತೆಗೆಯಬಹುದು. ಇಲ್ಲಿ ಎಲ್ಲವೂ ಇಳಿಜಾರಿನ ಕೋನದ ಮೇಲೆ ನಿಂತಿದೆ. ಬೆನ್ನು ತೀರಾ ಕಡಿದಾಗಿ ಇಳಿದರೆ ಗಾಳಿ ಅದನ್ನು ಹಿಡಿದುಕೊಂಡು ಬರುವುದಿಲ್ಲ, ಮೇಲ್ಮೈ ಬಿಟ್ಟು ಮತ್ತೆ ಸುಳಿಯಾಗುತ್ತದೆ. ಮೊದಲು ಮೆಲ್ಲಗೆ ಬಾಗಿ, ಆಮೇಲೆ ಹೆಚ್ಚುತ್ತ ಹೋಗಿ, ಕೊನೆಯಲ್ಲೂ 15 ಡಿಗ್ರಿಯ ಆಸುಪಾಸು ದಾಟದಂತೆ ನೋಡಿಕೊಂಡೆವು.

ಗಾಳಿ ಹಿಡಿದುಕೊಂಡಿದೆಯೋ ಬಿಟ್ಟಿದೆಯೋ ನೋಡಲು ಗಾಳಿ ಸುರಂಗ ಬೇಕಿಲ್ಲ, ಉಲ್ಲನ್ ದಾರ ಸಾಕು. ಅಮ್ಮ ಸ್ವೆಟರ್ ಹೆಣೆದು ಉಳಿಸಿ ಹೋಗಿದ್ದ ಕೆಂಪು ಉಲ್ಲನ್ನನ್ನು ಬೆರಳುದ್ದ ಕತ್ತರಿಸಿ ಟೇಪಿನಿಂದ ಬೆನ್ನಿಡೀ ಅಂಟಿಸಿದೆವು. ಡಲ್ಲಾಸ್‌ನಿಂದ ಬಂದಿದ್ದ ಮಂಗಳೂರಿನ ಗೆಳೆಯರು ಪಕ್ಕದ ಸಾಲಿನಲ್ಲಿ ಕಾರು ಓಡಿಸಿದರು, ಅವರ ಜೊತೆ ಕೂತವರು ವಿಡಿಯೊ ಮಾಡಿದರು. ದಾರ ಮಲಗಿದ್ದರೆ ಗಾಳಿ ನಯವಾಗಿ ಹರಿಯುತ್ತಿದೆ, ಕುಣಿಯುತ್ತಿದ್ದರೆ ಬಿಟ್ಟುಹೋಗಿದೆ ಎಂದರ್ಥ. ಮುಕ್ಕಾಲು ಬೆನ್ನಿನವರೆಗೆ ದಾರಗಳೆಲ್ಲ ಮಲಗಿದ್ದವು, ಕೊನೆಯ ಒಂದಡಿಯಲ್ಲಿ ಹುಚ್ಚೆದ್ದು ಕುಣಿಯುತ್ತಿದ್ದವು. ಮತ್ತೆ ಬಿಚ್ಚಿ, ಹಿಂದಿನ ಎರಡು ಪಕ್ಕೆಲುಬು ಎತ್ತರಿಸಿ, ಮರುವಾರ ನೋಡಿದಾಗ ಕುಣಿತ ನಿಂತಿತ್ತು.

ಹೊದಿಕೆ ಬಂದ ಮೇಲೆ ಒಳಗಿನ ಕನ್ನಡಿಯಿಂದ ಹಿಂದೆ ಕಾಣುವುದಿಲ್ಲ, ಎರಡೂ ಪಕ್ಕದ ಕನ್ನಡಿಗಳನ್ನು ಸರಿಯಾಗಿ ಕೂರಿಸಿಕೊಳ್ಳಬೇಕು. ಕ್ಯಾಬಿನ್ನಿನ ಹಿಂದೆ ಎತ್ತರದಲ್ಲಿರುವ ಮೂರನೆಯ ಬ್ರೇಕ್ ದೀಪ ಮುಚ್ಚಿಹೋಗುತ್ತದೆ. ಅದಕ್ಕೆ ಬದಲಾಗಿ ಹೊದಿಕೆಯ ತುದಿಯಲ್ಲಿ ಹೊಸ ದೀಪ ಹಾಕಿಸಿದೆವು. ನಂಬರ್ ಪ್ಲೇಟಿಗೆ, ಉಳಿದ ದೀಪಗಳಿಗೆ ಏನೂ ಅಡ್ಡ ಬರದಂತೆ ನೋಡಿಕೊಂಡೆವು.

ಹಿಂದಿನ ಚಕ್ರಗಳಿಗೆ ಪಿಜ್ಜಾ ಬೇಯಿಸುವ ಅಲ್ಯೂಮಿನಿಯಂ ತಟ್ಟೆ ಮುಚ್ಚಳವಾಯಿತು. ಬ್ರೇಕು ಹೆಚ್ಚು ಕಾಯುವುದು ಮುಂದಿನ ಚಕ್ರಗಳಲ್ಲಿ, ಅಲ್ಲಿಗೆ ಗಾಳಿ ಬೇಕು, ಹಾಗಾಗಿ ಮುಂದೆ ಹಾಕಲಿಲ್ಲ. ಮುಂಭಾಗದ ಜಾಲರಿ ಮುಚ್ಚಿದರೂ ಲಾಭವಿದೆ ಎನ್ನುತ್ತಾರೆ. ಆದರೆ ಟೆಕ್ಸಾಸ್‌ನ 40 ಡಿಗ್ರಿ ಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡು ರೇಡಿಯೇಟರ್ ಮುಚ್ಚುವ ಧೈರ್ಯ ನಮಗಿರಲಿಲ್ಲ. ಈಗ ಚಳಿಗಾಲದಲ್ಲಿ ಮಾತ್ರ, ಅದೂ ಅರ್ಧ, ಎಂಜಿನ್ನಿನ ಬಿಸಿಯ ಮುಳ್ಳಿನ ಮೇಲೆ ಕಣ್ಣಿಟ್ಟು ಮುಚ್ಚುತ್ತೇವೆ.

ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಡಲ್ಲಾಸ್‌ಗೆ ಹೋದಾಗ ಕಾರುಗಳ ಸಾಲಿನಲ್ಲಿ ನಮ್ಮ ಗಾಡಿಯನ್ನು ಸುತ್ತುವರಿದವರೇ ಹೆಚ್ಚು. ‘ಇದೇನ್ರೀ, ದಸರಾ ಆನೆ ತಂದಿದ್ದೀರಾ?’ ಎಂದು ಹಿರಿಯರೊಬ್ಬರು ಕೇಳಿದರು. ಅಂದಿನಿಂದ ಗಾಡಿಗೆ ‘ಆನೆ’ ಎಂದೇ ಹೆಸರು.

ಲೆಕ್ಕ ಒಪ್ಪಿಸುವ ಹೊತ್ತು

ಪಶ್ಚಿಮ ಟೆಕ್ಸಾಸ್‌ನಲ್ಲಿ ಮೈಲೇಜು ಅಳೆಯುವುದು ಸುಲಭವಲ್ಲ. ಗಾಳಿಯಂತ್ರಗಳನ್ನು ಸುಮ್ಮನೆ ಅಲ್ಲಿ ನಿಲ್ಲಿಸಿಲ್ಲ! ಒಂದು ದಿನ ಹಿಂಗಾಳಿ ಸಿಕ್ಕರೆ ಗಾಡಿ ಪವಾಡ ಮಾಡಿದಂತೆ ಕಾಣುತ್ತದೆ, ಮರುದಿನ ಎದುರುಗಾಳಿ ಎಲ್ಲವನ್ನೂ ನುಂಗುತ್ತದೆ. ಜುಲೈ ತಿಂಗಳನ್ನು ಡಿಸೆಂಬರಿನೊಂದಿಗೆ ಹೋಲಿಸುವುದೂ ಸಲ್ಲದು. ಸೊನ್ನೆ ಡಿಗ್ರಿಯ ಗಾಳಿ 40 ಡಿಗ್ರಿಯ ಗಾಳಿಗಿಂತ ಹೆಚ್ಚುಕಡಿಮೆ ಶೇ 15ರಷ್ಟು ದಟ್ಟ, ಅಷ್ಟೇ ಹೆಚ್ಚು ಎಳೆಯುತ್ತದೆ.

ಅದಕ್ಕೆ ದಾರಿ ಎಂದರೆ ಒಂದೇ ದಿನ ಮೂರು ಸಲ ಅಳೆಯುವುದು: ಮೊದಲು ಹೊದಿಕೆ ಇಲ್ಲದೆ, ಆಮೇಲೆ ಹೊದಿಕೆ ಹಾಕಿ, ಮತ್ತೆ ಹೊದಿಕೆ ತೆಗೆದು. ಮೊದಲನೆಯದೂ ಮೂರನೆಯದೂ ಹೊಂದಿಕೊಂಡರೆ ಮಾತ್ರ ನಡುವಿನದನ್ನು ನಂಬಬೇಕು. ಗಾಳಿ ನಿಂತ ಒಂದು ಭಾನುವಾರದ ನಸುಕಿನಲ್ಲಿ 20 ಮೈಲಿಯ ಒಂದೇ ದಾರಿಯಲ್ಲಿ ಹೋಗುತ್ತ ಬರುತ್ತ, 65ಕ್ಕೆ ವೇಗ ಕಟ್ಟಿ ಓಡಿಸಿದೆವು. ಗಾಡಿಯ ಕಂಪ್ಯೂಟರಿಗೆ ಚುಚ್ಚುವ ಸಣ್ಣ ಮಾಪಕ ತೋರಿಸಿದ್ದು 19.4, 20.4, 19.3. ಹೊದಿಕೆಯಿಂದ ಗ್ಯಾಲನ್‌ಗೆ ಒಂದು ಮೈಲಿ. ಬಂಪರಿನ ಪಟ್ಟಿ ಮತ್ತು ಚಕ್ರದ ತಟ್ಟೆ ಸೇರಿ ಮುಕ್ಕಾಲು ಮೈಲಿಗಿಂತ ಸ್ವಲ್ಪ ಕಡಿಮೆ. ಪಕ್ಕಕ್ಕೆ ಇಳಿಬಿಟ್ಟಿದ್ದ ಹಲಗೆಗಳಿಂದ ನಮ್ಮ ಅಳತೆಗೆ ಸಿಗುವಂಥದ್ದೇನೂ ಬರಲಿಲ್ಲ, ಅವನ್ನು ಕಿತ್ತುಹಾಕಿದೆವು. ಎಲ್ಲ ಸೇರಿ ಪುಸ್ತಕದ ಸರಾಸರಿ 20.5 ಮೈಲಿ, ಅಂದರೆ ಲೀಟರಿಗೆ 8.7 ಕಿ.ಮೀ.

ನವೆಂಬರ್ ಕೊನೆಗೆ ತಿಂಗಳ ಖರ್ಚು 540ರಿಂದ 290 ಡಾಲರಿಗೆ ಇಳಿದಿತ್ತು. 250 ಡಾಲರ್ ಉಳಿತಾಯ! ಗದಗಿನವರು ಆನೆಯ ಬೆನ್ನು ತಟ್ಟಿ ಬೀಗುತ್ತಿದ್ದರು. ಸಾಗರದವರು ಪುಸ್ತಕ ತಂದು ಮೇಜಿನ ಮೇಲಿಟ್ಟರು. ‘ಬೆಲೆ ನಾಲ್ಕೂವರೆಯಿಂದ ಮೂರಕ್ಕೆ ಇಳಿದಿದೆ. ಏನೂ ಮಾಡದಿದ್ದರೂ 180 ಡಾಲರ್ ಕಡಿಮೆ ಆಗುತ್ತಿತ್ತು. ನಿಧಾನ ಓಡಿಸಿದ್ದಕ್ಕೆ 44. ನಿಮ್ಮ ಆನೆಗೆ 26’ ಎಂದರು.

ಸಾಮಾನಿನ ಖರ್ಚು 290 ಡಾಲರ್. ಆನೆ ತನ್ನ ಖರ್ಚು ತಾನು ತೀರಿಸಲು ಹನ್ನೊಂದು ತಿಂಗಳು. ಒಂಬತ್ತು ವಾರಾಂತ್ಯಗಳ ದುಡಿಮೆಗೆ ಬೆಲೆ ಕಟ್ಟಿಲ್ಲ. ಬೆಲೆ ಮತ್ತೆ ಏರಿದರೆ ಲಾಭ ಹೆಚ್ಚು, ಇಳಿದರೆ ಕಡಿಮೆ. ಇದಕ್ಕಿಂತ ದೊಡ್ಡ ಅಂಕಿ ಹೇಳುವವರು ಸಿಕ್ಕರೆ ಅವರ ಪುಸ್ತಕ ತೋರಿಸಲು ಕೇಳಿ.

ಮಾಡಹೊರಡುವವರಿಗೆ

ಗಲ್ಫ್ ದೇಶಗಳಲ್ಲಿ ಪಿಕಪ್ ಓಡಿಸುವ ನಮ್ಮವರು ಬಹಳ ಇದ್ದಾರೆ. 120 ಕಿ.ಮೀ. ವೇಗದ ರಸ್ತೆಗೆ ಇದೇ ಗಾಳಿ, ಇದೇ ಲೆಕ್ಕ. ಆದರೆ ಪ್ರತಿ ದೇಶಕ್ಕೂ ವಾಹನದ ಕಾನೂನು ಬೇರೆ, ಕಂಪನಿಯ ಗಾಡಿಯಾದರೆ ಕೇಳದೆ ಒಂದು ತೂತೂ ಕೊರೆಯಬೇಡಿ. ಊರಿನಲ್ಲಿ ಬೊಲೆರೊ ಪಿಕಪ್, ಟಾಟಾ ಏಸ್ ಓಡಿಸುವವರು ಇದನ್ನು ಓದಿ ಉತ್ಸಾಹಗೊಳ್ಳಬೇಡಿ. ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿನ್ಯಾಸ ಬದಲಿಸುವುದನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಅಲ್ಲದೆ 40–50 ಕಿ.ಮೀ. ವೇಗದಲ್ಲಿ ಗಾಳಿ ಅಷ್ಟೇನೂ ಕಾಡುವುದಿಲ್ಲ. ಟೈರಿಗೆ ಸರಿಯಾದ ಗಾಳಿ, ಬಿಗಿಯಾಗಿ ಕಟ್ಟಿದ ತಾಡಪತ್ರಿ, ಇಷ್ಟೇ ಸಾಕು.

ಇಲ್ಲಿ ಕಾರು ಇರುವವರಿಗೂ ಒಂದು ಮಾತು. ಪ್ರವಾಸ ಮುಗಿದ ಮೇಲೂ ಛಾವಣಿಯ ಮೇಲಿನ ಸಾಮಾನು ಪೆಟ್ಟಿಗೆಯನ್ನು ಹಾಗೇ ಬಿಡುವವರು ಅನೇಕರು. ಅಂತರರಾಜ್ಯ ಹೆದ್ದಾರಿಯ ವೇಗದಲ್ಲಿ ದೊಡ್ಡ ಪೆಟ್ಟಿಗೆ ಮೈಲೇಜನ್ನು ಶೇ 10ರಿಂದ 25ರಷ್ಟು ತಿನ್ನುತ್ತದೆ ಎಂದು ಇಂಧನ ಇಲಾಖೆ ಹೇಳುತ್ತದೆ. ನಾವು ಒಂಬತ್ತು ವಾರಾಂತ್ಯ ಬೆವರಿಳಿಸಿ ಗಳಿಸಿದ್ದಕ್ಕಿಂತ ಹೆಚ್ಚನ್ನು ನೀವು ಹತ್ತು ನಿಮಿಷದಲ್ಲಿ ಪೆಟ್ಟಿಗೆ ಇಳಿಸಿ ಗಳಿಸಬಹುದು.

ಡಿಸೆಂಬರಿನಿಂದ ಗದಗಿಗೆ ಮತ್ತೆ ಪೂರ್ತಿ 40 ಸಾವಿರ ಹೋಗತೊಡಗಿತು. ಆ ಭಾನುವಾರ ಕರೆ ಮಾಡಿ ಲೆಕ್ಕವೆಲ್ಲ ಒಪ್ಪಿಸಿದೆವು. ಹೆದ್ದಾರಿಯಲ್ಲಿ ಪಟ್ಟಿ ಹಾರಿಹೋದದ್ದನ್ನೂ ಆವತ್ತೇ ಹೇಳಿದೆವು. ಅಪ್ಪ ಸುಮ್ಮನೆ ಕೇಳಿಸಿಕೊಂಡರು, ಬೈಯಲಿಲ್ಲ. ಆಮೇಲೆ ‘26 ಡಾಲರ್ ಅಂದ್ರ ಎಷ್ಟಾತು?’ ಎಂದರು.

‘ಎರಡು ಸಾವಿರದ ನೂರು ರೂಪಾಯಿ.’

‘ನನ್ನ ಬಿ.ಪಿ., ಸಕ್ಕರೆ ಗುಳಿಗಿ ಖರ್ಚು ಬಂತು. ಸಣ್ಣದಲ್ಲ ಬಿಡ್ರಿ ಅದು.’

ಹಿಂದಿನಿಂದ ಅಮ್ಮನ ಧ್ವನಿ ಕೇಳಿಸಿತು. ಹತ್ತು ವರ್ಷಗಳಿಂದ ಪ್ರತಿ ಕರೆಯ ಕೊನೆಗೆ ಅವರು ಹೇಳುವುದು ಒಂದೇ ಮಾತು, ‘ಗಾಡಿ ನಿಧಾನ ಹೊಡೀರಿ.’ ನಾವು ಹೂಂ ಎಂದು ಫೋನ್ ಇಡುತ್ತಿದ್ದೆವು.

‘ನಿಧಾನ ಹೊಡದಿದ್ದಕ್ಕ ಎಷ್ಟ ಅಂದ್ರಿ?’ ಎಂದು ಕೇಳಿದರು.

‘44 ಡಾಲರ್, ಅಮ್ಮ. ಮೂರೂವರೆ ಸಾವಿರ.’

‘ಹಂಗಾರ ನಿಮ್ಮ ಆನಿಗಿಂತ ನನ್ನ ಮಾತಿಗೇ ಬೆಲಿ ಜಾಸ್ತಿ ಆತಲ್ಲ’ ಎಂದು ನಕ್ಕರು. ಸಾಗರದವರು ಪುಸ್ತಕ ತೆರೆದು ಆ ದಿನದ ಷರಾದಲ್ಲಿ ಅದನ್ನೇ ಬರೆದಿಟ್ಟರು.